ರೂಪಾಯಿಗೆ 60 ಪೈಸೆ ವಾಸಿ

(ಮುಂಬೈನ ಮಾಟುಂಗಾದಲ್ಲಿ ನಮ್ಮ ಕನ್ನಡದವರ ಭಾನುವಾರದ ಕೂಟವೊಂದರಲ್ಲಿ ಮಾತಾಡಿದ್ದು ಇದು. ಮೊಬೈಲಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ. ಫ್ಯಾನ್ ಸದ್ದಲ್ಲಿ ಕೇಳಿಸದೇ ಇದ್ದ ಕಡೆ ನೆನಪಿಂದ ತುಂಬಿಸಿದೀನಿ, ಎರಡು ಕಡೆ ಜೋಕ್ ಮಾಡಕ್ಕೆ ಹೋಗಿ ಯಾರೂ ನಕ್ಕಿರ್ಲಿಲ್ಲ, ಅದನ್ನ ತೆಗ್ದಿದೀನಿ.)

ಎಲ್ರಿಗೂ ನಮಸ್ಕಾರ. ಈಗ ಸೆಕ್ರೆಟರಿಯವ್ರು ನನ್ನ ಪರಿಚಯ ಮಾಡ್ತಾ "ಖಿನ್ನತೆಯನ್ನು ಗೆದ್ದು ಬಂದವರು" ಅಂದ್ರು. ಅಕೌಂಟ್ಸಲ್ಲಿ ಇದಕ್ಕೆ ರಾಂಗ್ ಎಂಟ್ರಿ ಅಂತಾರೆ, ಮೊದ್ಲು ಅದನ್ನ ರಿವರ್ಸ್ ಮಾಡ್ತೀನಿ. ಗೆದ್ದಿಲ್ಲ ಮಾರಾಯ್ರೆ. ಇವತ್ತು ಬೆಳಿಗ್ಗೆ 2 ಮಾತ್ರೆ ನುಂಗಿ ಬಂದಿದೀನಿ, ರಾತ್ರಿಗೆ ಇನ್ನೂ 2 ಇದೆ, ಅಷ್ಟಾದ್ರೂ ನಿನ್ನೆ ರಾತ್ರಿ ಹೆಂಡ್ತಿ ಹತ್ರ "ನಾಳೆ ಬರಕ್ಕಾಗಲ್ಲ ಅಂತ ನೀನೇ ಫೋನ್ ಮಾಡಿ ಹೇಳ್ಬಿಡು" ಅಂತ ಎರಡು ಸಲ ಹೇಳಿದ್ದೆ, ಅವ್ಳು ಮಾಡ್ಲಿಲ್ಲ, ಹಾಗಾಗಿ ಬಂದಿದೀನಿ. 14 ವರ್ಷದಿಂದ ನಂಗೆ ಈ ಕಾಯಿಲೆ ಇದೆ. ಮಾತ್ರೆಯಿಂದ ಉಪಯೋಗ ಆಗಿದೆ, ಸಾಲುವಷ್ಟು ಆಗಿಲ್ಲ. ಪೂರ್ತಿ ವಾಸಿಯಾದವ್ರು ವೇದಿಕೆ ಹತ್ತಿ ಮಾತಾಡ್ತಾರೆ, ಏನೂ ವಾಸಿಯಾಗದವ್ರ ಬಗ್ಗೆ ಬೇರೆಯವ್ರು ಮಾತಾಡ್ತಾರೆ, ನಡುವೆ ಅರ್ಧಂಬರ್ಧ ವಾಸಿಯಾಗಿ ಲೋಕಲ್ ಟ್ರೈನ್ ಹಿಡಿದು ಕೆಲಸಕ್ಕೆ ಹೋಗೋ ನಮ್ಮಂತೋರ ಬಗ್ಗೆ ಯಾರೂ ಏನೂ ಹೇಳಲ್ಲ, ಅದಕ್ಕೇ ಒಪ್ಕೊಂಡೆ.

ನಂದು ಕುಂದಾಪುರದ ಕಡೆ ಊರು. 1981ರಲ್ಲಿ 14 ವರ್ಷದವನಿದ್ದಾಗ ಮುಂಬೈಗೆ ಬಂದೆ, ಪರೇಲ್ ಹತ್ರ ಒಂದು ಹೋಟೆಲಲ್ಲಿ ಟೇಬಲ್ ಒರೆಸೋ ಕೆಲ್ಸ. ಮಾರನೇ ವರ್ಷ ಜನವರಿಲಿ ಬಟ್ಟೆ ಮಿಲ್ ಸ್ಟ್ರೈಕ್ ಶುರುವಾಯ್ತು, ಗಿರಾಕಿಗಳೇ ಇಲ್ಲ, ಸೇಟ್ ನಮ್ಮನ್ನ ಫೋರ್ಟಲ್ಲಿದ್ದ ಅವ್ರ ಅಣ್ಣನ ಹೋಟೆಲಿಗೆ ಕಳ್ಸಿದ್ರು, ಅದ್ರಿಂದಾನೇ ನಂಗೆ ಕನ್ನಡ ರಾತ್ರಿ ಶಾಲೆ ಸಿಕ್ತು. ಹಗಲು ಹೋಟೆಲು, ರಾತ್ರಿ ಶಾಲೆ, ಎಸ್ಸೆಸ್ಸಿ, ಬಿಕಾಂ, ಆಮೇಲೆ ಮಸ್ಜಿದ್ ಬಂದರ್‌ನಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯ ಅಕೌಂಟ್ಸ್, ಡೊಂಬಿವಿಲಿಲಿ ಮನೆ. ಇಲ್ಲಿ ಕೂತಿರೋ ಅರ್ಧ ಜನರ ಕಥೆ ಇದೇ, ಹಾಗಾಗಿ ಜಾಸ್ತಿ ಹೇಳಲ್ಲ. ಒಂದೇ ಮಾತು, ಇಷ್ಟು ಕಷ್ಟಪಟ್ಟು ಮೇಲೆ ಬಂದವನಿಗೆ ಈ ಕಾಯಿಲೆ ಬರಬಾರದು ಅನ್ನೋ ನಂಬಿಕೆ ನಂಗೇ ಇತ್ತು. ಕಷ್ಟ ಕಾಣದ ಹುಡುಗ್ರಿಗೆ ಬರೋದು ಅಂದ್ಕೊಂಡಿದ್ದೆ.

ಇನ್ನು ಆ ಶಬ್ದ. ಖಿನ್ನತೆ ಅಂತ ನಮ್ಮೂರಲ್ಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ, ಅದು ಪೇಪರಿನ ಶಬ್ದ. ನಮ್ಮಲ್ಲಿ ಇರೋದು ಬೇಜಾರು, ಮಂಡೆಬೆಚ್ಚ. ಮಂಡೆಬೆಚ್ಚ ಅಂದ್ರೆ ಏನೋ ಒಂದು ಕಾರಣಕ್ಕೆ ತಲೆ ಬಿಸಿ ಮಾಡ್ಕೊಳ್ಳೋದು, ಸಾಲ, ಮಗಳ ಮದುವೆ, ಜಾಗದ ತಕರಾರು. ಕಾರಣ ಹೋದ್ರೆ ಮಂಡೆ ತಣ್ಣಗಾಗುತ್ತೆ. ನಂಗೆ ಬಂದಿದ್ದರಲ್ಲಿ ಬಿಸಿನೇ ಇರ್ಲಿಲ್ಲ. ತಣ್ಣಗೆ, ಫ್ರಿಜ್ಜಲ್ಲಿಟ್ಟ ಅನ್ನದ ಹಾಗೆ. ಫೋನಲ್ಲಿ ಅಮ್ಮ ಕೇಳ್ತಿದ್ರು, "ಎಂತ ಆಯ್ತ್ ಮಗಾ ನಿಂಗೆ, ಊಟ ಸೇರುದಿಲ್ಯಾ?" ಸೇರ್ತಿತ್ತು, ರುಚಿ ಮಾತ್ರ ಗೊತ್ತಾಗ್ತಿರ್ಲಿಲ್ಲ. ಅದನ್ನ ಅವ್ರಿಗೆ ಹೇಳೋದು ಹೇಗೆ?

ಶುರುವಾಗಿದ್ದು 2011ರ ಮಾರ್ಚಲ್ಲಿ, ಇಯರ್ ಎಂಡಿಂಗ್ ಟೈಮು. ಕಂಪ್ಯೂಟರಲ್ಲಿ ಲೆಕ್ಕ ಬರೆಯೋ ಟ್ಯಾಲಿ ಓಪನ್ ಮಾಡಿ ಒಂದು ಡೀಸೆಲ್ ವೌಚರ್ ಮುಂದಿಟ್ಕೊಂಡು ಕೂತಿದೀನಿ, 2,340 ರೂಪಾಯಿ, ಡೆಬಿಟ್ ಯಾವುದಕ್ಕೆ ಕ್ರೆಡಿಟ್ ಯಾವುದಕ್ಕೆ ಅಂತ ನಿದ್ದೆಲಿ ಕೇಳಿದ್ರೂ ಹೇಳ್ತಿದ್ದೋನು ನಾನು. ಕೈ ಕೀಬೋರ್ಡ್ ಮೇಲಿದೆ, ಒತ್ತಕ್ಕಾಗ್ತಿಲ್ಲ. ಪಕ್ಕದ ಹುಡುಗ ಚಹಾ ತಂದಿಟ್ಟ, ಅದು ಆರಿ ಮೇಲೆ ಕೆನೆ ಕಟ್ಟಿತು, ನಾನು ಆ ಕೆನೆ ನೋಡ್ತಾ ಇದೀನಿ. ಗಡಿಯಾರ ನೋಡಿದ್ರೆ 40 ನಿಮಿಷ ಹೋಗಿದೆ. ಆವತ್ತು ಮನೆಗೆ ಬಂದು ಹೆಂಡ್ತಿಗೆ ಹೇಳಿದ್ದು ಕಣ್ಣು ಟೆಸ್ಟ್ ಮಾಡಿಸ್ಬೇಕು ಅಂತ. ನಗ್ಬೇಡಿ, ಕನ್ನಡಕ ಬದಲಾಯಿಸಿದೆ ಕೂಡ.

ಮೊದಲನೇ ಡಾಕ್ಟರ್ ಹತ್ರ ಹೋಗಿದ್ದು 4 ತಿಂಗಳಾದ್ಮೇಲೆ. ಅವ್ರು ಬರೆದಿದ್ದು ಎಸ್ಸಿಟಾಲೋಪ್ರಾಮ್ 10 ಮಿಲಿಗ್ರಾಂ. 5 ನಿಮಿಷದ ಭೇಟಿ, ಹೊರಗೆ 30 ಜನ ಕಾಯ್ತಿದ್ರು, ಈ ಮಾತ್ರೆ ಕೆಲಸ ಶುರು ಮಾಡಕ್ಕೇ ಎರಡು ಮೂರು ವಾರ ಬೇಕು, ಉಪಯೋಗ ಇದೆಯಾ ಇಲ್ವಾ ಅಂತ ತೀರ್ಮಾನ ಮಾಡಕ್ಕೆ ಸರಿಯಾದ ಡೋಸಲ್ಲಿ ಆರು ವಾರ ಆದ್ರೂ ಬೇಕು ಅನ್ನೋದನ್ನ ಯಾರೂ ಹೇಳ್ಲಿಲ್ಲ, ಹೇಳಿದ್ರೂ ನನ್ನ ತಲೆಗೆ ಹೋಗ್ಲಿಲ್ಲವೋ ಗೊತ್ತಿಲ್ಲ. ನಾನು 18 ದಿನ ತಗೊಂಡೆ. ಹೊಟ್ಟೆ ತೊಳಸ್ತಿತ್ತು, ಮನಸ್ಸು ಹಾಗೇ ಇತ್ತು. ಬಿಟ್ಟೆ. ಇನ್ನೊಬ್ರ ಹತ್ರ ಹೋದೆ, ಇನ್ನೊಂದು ಮಾತ್ರೆ, ಅದೂ ಒಂದು ತಿಂಗ್ಳು. ಆಮೇಲೆ ಮೆಡಿಕಲ್‌ನವನ ಹತ್ರ ಹಳೇ ಚೀಟಿ ತೋರಿಸಿ ಬೇಕಾದಾಗ ತಗೊಳ್ಳೋದು, ಬೇಡದಾಗ ಬಿಡೋದು. ಎರಡು ವರ್ಷ ಹೀಗೆ. ಆ ಎರಡು ವರ್ಷ ಕಂಡಕಂಡವ್ರಿಗೆ ನಾನು ಹೇಳ್ಕೊಂಡು ತಿರುಗ್ತಿದ್ದಿದ್ದು ಏನು? "ನಂಗೆ ಯಾವ ಮಾತ್ರೆನೂ ಹಿಡಿಯಲ್ಲ."

2013ರಲ್ಲಿ ಸಿಕ್ಕಿದ ಡಾಕ್ಟರ್ ಮರಾಠಿ ಹೆಂಗಸು, ನನಗಿಂತ ಚಿಕ್ಕವರು. ಅವ್ರು ಮಾತ್ರೆ ಬರೆಯೋ ಮೊದ್ಲು ನನ್ನ ಹಳೇ ಚೀಟಿಗಳನ್ನೆಲ್ಲಾ ಟೇಬಲ್ ಮೇಲೆ ತಾರೀಖಿನ ಪ್ರಕಾರ ಜೋಡಿಸಿದ್ರು. ಎಷ್ಟು ದಿನ, ಎಷ್ಟು ಮಿಲಿಗ್ರಾಂ, ಯಾಕೆ ಬಿಟ್ರಿ, ಒಂದೊಂದೇ ಕೇಳಿ ಬರ್ಕೊಂಡ್ರು. ಅಕೌಂಟ್ಸಲ್ಲಿ ಇಪ್ಪತ್ತು ವರ್ಷ ಇದ್ದೋನಿಗೆ ಗೊತ್ತಾಗಲ್ವಾ, ಇದು ಆಡಿಟ್. ಕೊನೆಗೆ ಹೇಳಿದ್ರು, ನಿಮಗೆ ಮಾತ್ರೆ ಹಿಡಿಯಲ್ಲ ಅನ್ನಕ್ಕೆ ಇನ್ನೂ ಯಾವ ಮಾತ್ರೆನೂ ಸರಿಯಾಗಿ ತಗೊಂಡೇ ಇಲ್ವಲ್ಲ ನೀವು.

ಅವ್ರು ಕೇಳಿದ ಬೇರೆ ಪ್ರಶ್ನೆಗಳನ್ನೂ ಹೇಳ್ತೀನಿ, ಯಾಕಂದ್ರೆ ಇಲ್ಲಿ ಯಾರಿಗಾದ್ರೂ ಮಾತ್ರೆ ಹಿಡೀತಿಲ್ಲ ಅಂದ್ರೆ ಮೊದ್ಲು ನೋಡ್ಬೇಕಾದ್ದು ಇವೇ. ಥೈರಾಯ್ಡ್ ಟೆಸ್ಟ್ ಆಗಿದೆಯಾ (ಆಗಿರ್ಲಿಲ್ಲ, ಮಾಡಿಸಿದ್ರೆ ಟಿಎಸ್‌ಎಚ್ 11 ಬಂತು, ಇರ್ಬೇಕಾದ್ದಕ್ಕಿಂತ ಜಾಸ್ತಿ, ಅವತ್ತಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಥೈರಾಯ್ಡ್ ಮಾತ್ರೆ), ಬಿ12 ನೋಡಿದಾರಾ, ರಕ್ತ ಕಮ್ಮಿ ಇದೆಯಾ, ರಾತ್ರಿ ಗೊರಕೆ ಹೊಡೀತಾ ಮಧ್ಯೆ ಉಸಿರು ನಿಲ್ಲುತ್ತಾ, ಕುಡಿಯೋದು ಎಷ್ಟು, ಬೇರೆ ಯಾವ ಕಾಯಿಲೆಗೆ ಏನು ಮಾತ್ರೆ. ಕುಡಿಯೋದರ ಬಗ್ಗೆ ನಾನು ಸುಳ್ಳು ಹೇಳಿದೆ, ಹೆಂಡ್ತಿ ಪಕ್ಕದಲ್ಲೇ ಕೂತು ಕರೆಕ್ಟ್ ಫಿಗರ್ ಕೊಟ್ಳು. ಆಮೇಲೆ ಅವ್ಳಿಗೇ ಒಂದು ಪ್ರಶ್ನೆ, ಇವ್ರು ಯಾವಾಗಾದ್ರೂ ನಿದ್ದೆನೇ ಬೇಡ ಅನ್ನೋ ಹಾಗೆ ಉತ್ಸಾಹದಲ್ಲಿ, ಸಿಕ್ಕಾಪಟ್ಟೆ ಖರ್ಚು ಮಾಡ್ಕೊಂಡು, ವಾರಗಟ್ಲೆ ಇದ್ದಿದ್ದು ಉಂಟಾ? ಅದು ಬೈಪೋಲಾರ್, ಅಂದ್ರೆ ಖಿನ್ನತೆ ಒಂದು ಸಲ, ಅತಿ ಉತ್ಸಾಹ ಇನ್ನೊಂದು ಸಲ ಬರೋ ಕಾಯಿಲೆ, ಇದೆಯಾ ಅಂತ ನೋಡಕ್ಕೆ, ಅದಿದ್ರೆ ಬರೀ ಖಿನ್ನತೆ ಮಾತ್ರೆ ಕೊಟ್ರೆ ಉಪಯೋಗ ಆಗ್ದೇ ಇರಬಹುದು, ಕೆಲವ್ರಿಗೆ ಉಲ್ಟಾನೂ ಹೊಡೆಯುತ್ತೆ. ನನ್ನ ಹೆಂಡ್ತಿ "ಇವ್ರು ಖರ್ಚು ಮಾಡೋದಾ?" ಅಂತ ನಕ್ಕಳು. ಆ ರೂಮಲ್ಲಿ ನಗು ಕೇಳಿದ್ದು ಅದೇ ಮೊದಲು.

ಆಮೇಲೆ ಶುರುವಾಯ್ತು ನಿಜವಾದ ಲೆಕ್ಕ. ಎಸ್ಸಿಟಾಲೋಪ್ರಾಮ್ 20ಕ್ಕೆ ಏರಿಸಿ 8 ವಾರ, ಒಂದು ದಿನ ತಪ್ಪಿಸದೆ. ಸ್ವಲ್ಪ. ಅದನ್ನ ಬದಲಾಯಿಸಿ ವೆನ್ಲಾಫ್ಯಾಕ್ಸಿನ್, ಇನ್ನೂ ಸ್ವಲ್ಪ, ಜೊತೆಗೆ ಬೆವರು, ಬಿಪಿ ಮೇಲೆ ಒಂದು ಕಣ್ಣು. ಇದನ್ನ ಒಂದೆರಡು ದಿನ ಮರೆತ್ರೆ ತಲೆಯೊಳಗೆ ಚಿಟ್ ಚಿಟ್ ಅಂತ ಕರೆಂಟ್ ಹೊಡೆದ ಹಾಗಾಗುತ್ತೆ, ಅನುಭವಿಸಿದವ್ರಿಗೇ ಗೊತ್ತು, ಹಾಗಾಗಿ ಈ ಮಾತ್ರೆಗಳನ್ನ ಬಿಡೋದಿದ್ರೂ ಡಾಕ್ಟರ್ ಹೇಳಿದ ಹಾಗೆ ಮೆಲ್ಲಗೇ ಇಳಿಸ್ಬೇಕು. ಅದಕ್ಕೆ ಮಿರ್ಟಾಜಪೀನ್ ಸೇರಿಸಿದ್ರು, ನಿದ್ದೆ ಬಂತು, ಹಸಿವೂ ಬಂತು, 9 ಕಿಲೋನೂ ಬಂತು.

ಎರಡು ಮಾತ್ರೆ ಸರಿಯಾದ ಡೋಸಲ್ಲಿ ಸರಿಯಾದಷ್ಟು ಕಾಲ ತಗೊಂಡೂ ಸಾಲದಿದ್ರೆ ಅದಕ್ಕೆ ಟ್ರೀಟ್‌ಮೆಂಟ್ ರೆಸಿಸ್ಟೆಂಟ್ ಡಿಪ್ರೆಶನ್ ಅಂತ ಹೆಸರು. ನಂಗೆ ಈ ಹೆಸರು ಸರಿ ಬರಲ್ಲ. ನಾನೇ ಕಾಲಡ್ಡ ಇಟ್ಕೊಂಡು ಕೂತ ಹಾಗೆ ಕೇಳುತ್ತೆ. ಆದ್ರೆ ನಾನೊಬ್ನೇ ಅಲ್ಲ. ಅಮೆರಿಕದಲ್ಲಿ ಸ್ಟಾರ್-ಡಿ ಅಂತ ಒಂದು ದೊಡ್ಡ ಸ್ಟಡಿ ಮಾಡಿದ್ರು, 4,000ಕ್ಕೂ ಹೆಚ್ಚು ಜನ, ಮುಖ್ಯ ರಿಸಲ್ಟ್ ಬಂದಿದ್ದು 2006ರಲ್ಲಿ. ಮೊದಲನೇ ಮಾತ್ರೆಲಿ ಪೂರ್ತಿ ಹತೋಟಿಗೆ ಬಂದವ್ರು ಸುಮಾರು ಮೂರರಲ್ಲಿ ಒಬ್ರು. ಎರಡನೇ ಹಂತದಲ್ಲೂ ನೂರಕ್ಕೆ 30ರ ಆಸುಪಾಸು. ಮೂರನೇದು, ನಾಲ್ಕನೇದಕ್ಕೆ ಬರೋ ಹೊತ್ತಿಗೆ ನೂರಕ್ಕೆ 13, 14. ನಾಲ್ಕೂ ಹಂತ ಸೇರಿಸಿದ್ರೆ ನೂರಕ್ಕೆ 67 ಜನ ವಾಸಿ ಆಗ್ತಾರೆ ಅಂತ ಅವ್ರು ಹೇಳಿದ್ರು, ಎಲ್ಲಾ ಕಡೆ ಅದನ್ನೇ ಹೇಳ್ತಾ ಬಂದ್ರು. 2023ರಲ್ಲಿ ಇನ್ನೊಂದು ತಂಡ ಅದೇ ದಾಖಲೆ ತೆಗೆದು ಮೊದ್ಲು ಬರೆದಿಟ್ಟ ನಿಯಮದ ಪ್ರಕಾರ ಮತ್ತೆ ಲೆಕ್ಕ ಹಾಕಿ 67 ಅಲ್ಲ, 35 ಅಂತು. ಮೂಲ ತಂಡದವ್ರು ಒಪ್ಪಿಲ್ಲ, ಜಗಳ ನಡೀತಿದೆ. ಇಂತಾ ಆಡಿಟ್ ಜಗಳ ಓದೋದು ನಂಗೆ ಬಲು ಇಷ್ಟ. ಯಾವ ಲೆಕ್ಕ ಹಿಡಿದ್ರೂ ಕಡೇಪಕ್ಷ ಮೂರರಲ್ಲಿ ಒಬ್ಬ ಹೊರಗೆ ಉಳೀತಾನೆ. ಈ ಹಾಲಲ್ಲಿ ಒಂದು ಸಾಲಲ್ಲಿ ಕೂತವ್ರಿಗೆಲ್ಲಾ ಈ ಕಾಯಿಲೆ ಬಂದ್ರೆ ಅದ್ರಲ್ಲಿ ಮೂರ್ನಾಕು ಜನ ನನ್ನ ಜೊತೆ ಬಂದು ಕೂರ್ಬೇಕು.

ಇಲ್ಲಿಂದ ಮುಂದೆ ಏನೇನಿದೆ? ನಂಗೆ 2015ರಲ್ಲಿ ಲಿಥಿಯಂ ಸೇರಿಸಿದ್ರು. ಇದು ಹಳೇ ಮದ್ದು, 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಡಾಕ್ಟರ್ ಉನ್ಮಾದದ ರೋಗಿಗಳಿಗೆ ಕೊಟ್ಟು ನೋಡಿದ್ದು, ಆಮೇಲೆ ಖಿನ್ನತೆ ಮಾತ್ರೆಗೆ ಜೋಡಿಯಾಗೂ ಕೊಡಕ್ಕೆ ಶುರು ಮಾಡಿದ್ರು. ಕಮ್ಮಿ ಆದ್ರೆ ಕೆಲಸ ಇಲ್ಲ, ಜಾಸ್ತಿ ಆದ್ರೆ ವಿಷ, ಹಾಗಾಗಿ ರಕ್ತದಲ್ಲಿ ಎಷ್ಟಿದೆ ಅಂತ ಆಗಾಗ ಟೆಸ್ಟ್, ಕಿಡ್ನಿ, ಥೈರಾಯ್ಡ್ ಕೂಡ. ತಗೊಳ್ಳೋರಿಗೆ ಒಂದು ಮಾತು ಒತ್ತಿ ಹೇಳ್ತೀನಿ, ಮಂಡಿನೋವು ಅಂತ ಮೆಡಿಕಲ್‌ನಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗ್ಬೇಡಿ, ಲಿಥಿಯಂ ರಕ್ತದಲ್ಲಿ ಏರಿಬಿಡುತ್ತೆ. ವಾಂತಿ ಭೇದಿ ಆಗಿ ಮೈಲಿ ನೀರು ಕಮ್ಮಿಯಾದ್ರೂ ಹಾಗೇ. ನಂಗೆ ಕೈ ನಡುಕ ಬಂತು. ಹೋಟೆಲಲ್ಲಿ ನಾಲ್ಕು ಕಪ್ ಚಹಾ ಒಂದೇ ಕೈಲಿ ಹಿಡ್ಕೊಂಡು ಹೋಗ್ತಿದ್ದ ಕೈ ಇದು, ಈಗ ಒಂದು ಕಪ್ ಹಿಡಿದ್ರೆ ಬಸಿ ಟಕಟಕ ಅನ್ನುತ್ತೆ. ನಾನೀಗ ಸ್ಟೀಲ್ ಲೋಟದಲ್ಲೇ ಕುಡಿಯೋದು.

2016ರಲ್ಲಿ ತೀರಾ ಬಿದ್ದೆ. ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ, ಊಟ ಬಿಟ್ಟಿದ್ದೆ, ಬದುಕು ಬೇಡ ಅಂತ ಬಾಯಿಬಿಟ್ಟು ಹೇಳಿದ್ದೆ. ಆಗ ಡಾಕ್ಟರ್ ಇಸಿಟಿ ಅಂದ್ರು, ಜನ ಶಾಕ್ ಅಂತಾರಲ್ಲ, ಅದು. ಹೆಂಡ್ತಿ ಅತ್ತಳು. ಊರಿಂದ ಅಣ್ಣ ಫೋನಲ್ಲಿ "ತಲೆಗೆ ಕರೆಂಟ್ ಕೊಡ್ಸುದಾ? ಮತ್ಸ್ಯಗಂಧ ರೈಲ್ ಹತ್ಸಿ ಕಳ್ಸು, ನಾವು ನೋಡ್ಕಂತ್" ಅಂದ. ಎಲ್ಲರ ಕಣ್ಮುಂದೆ ಇದ್ದಿದ್ದು ಸಿನಿಮಾದ ಶಾಕು, ಕೈಕಾಲು ಕಟ್ಟಿ, ಕಿರುಚಾಟ. 1938ರಲ್ಲಿ ರೋಮ್‌ನಲ್ಲಿ ಶುರುವಾದಾಗ ಅರಿವಳಿಕೆ ಇರ್ಲಿಲ್ಲ ನಿಜ. ಈಗ ಅರಿವಳಿಕೆ ಕೊಡ್ತಾರೆ, ಮಾಂಸಖಂಡ ಸಡಿಲ ಆಗಕ್ಕೆ ಇನ್ನೊಂದು ಇಂಜೆಕ್ಷನ್, ಇವಿಲ್ದೆ ಕೊಡೋ ಹಾಗೇ ಇಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಲಿ ಬರೆದಿದೆ. ನಂಗೆ ಗೊತ್ತಾಗಿದ್ದು ಇಷ್ಟು, ಬೆಳಿಗ್ಗೆ ಖಾಲಿ ಹೊಟ್ಟೆ, ಕೈಗೆ ಸೂಜಿ, ಮೂಗಿನ ಮೇಲೆ ಮಾಸ್ಕು, ಎದ್ದಾಗ ದವಡೆ ನೋವು, ಸ್ವಲ್ಪ ತಲೆನೋವು, ಹೊರಗೆ ಹೆಂಡ್ತಿ ಡಬ್ಬಾದಲ್ಲಿ ಇಡ್ಲಿ ಇಟ್ಕೊಂಡು ಕೂತಿರೋದು. ಹೀಗೆ 8 ಸಲ, ವಾರಕ್ಕೆ ಎರಡು. ಐದನೇದಾದ ಮೇಲೆ ಒಂದು ದಿನ ಇಡ್ಲಿ ತಿಂದು "ಚಟ್ನಿಗೆ ಉಪ್ಪು ಜಾಸ್ತಿ ಆಯ್ತಲ್ಲ" ಅಂದೆನಂತೆ. ಅವ್ಳು ಎದ್ದು ಹೋಗಿ ಕಾರಿಡಾರಲ್ಲಿ ನಿಂತು ಅತ್ತಳಂತೆ. ಐದು ವರ್ಷದಲ್ಲಿ ನಾನು ಊಟದ ಬಗ್ಗೆ ಒಂದು ಕಂಪ್ಲೇಂಟ್ ಮಾಡಿರ್ಲಿಲ್ಲ.

ಅದಕ್ಕೆ ಕೊಟ್ಟ ಬೆಲೆನೂ ಹೇಳ್ಬೇಕು. ಅದೇ ವರ್ಷ, ಇಸಿಟಿಗೆ ಸ್ವಲ್ಪ ಮೊದ್ಲು, ಅಕ್ಕನ ಮಗಳ ಮದುವೆ ಆಯ್ತು ಊರಲ್ಲಿ. ಆಲ್ಬಮ್ಮಲ್ಲಿ ನಾನಿದೀನಿ. ಬಿಳಿ ಪಂಚೆ ಎತ್ತಿ ಕಟ್ಕೊಂಡು ಹೆಗಲಿಗೆ ಟವೆಲ್ ಹಾಕ್ಕೊಂಡು ಪಂಕ್ತಿಲಿ ಪಾಯಸ ಬಡಿಸ್ತಾ ಇದೀನಿ, ಒಬ್ಬ ಮುದುಕರು ಸಾಕು ಸಾಕು ಅಂತ ಎಲೆ ಮೇಲೆ ಕೈ ಅಡ್ಡ ಹಿಡಿದಿದಾರೆ. ಆ ಫೋಟೋನ ಎಷ್ಟು ಸಲ ನೋಡಿದೀನೋ. ಆ ಮುದುಕರು ಯಾರು, ಆವತ್ತು ಮಳೆ ಇತ್ತಾ, ಅದು ಕಡ್ಲೆಬೇಳೆ ಪಾಯಸನಾ ಹೆಸರುಬೇಳೆದಾ, ಒಂದೂ ಇಲ್ಲ ತಲೆಲಿ. ಚಿಕಿತ್ಸೆ ಆಸುಪಾಸಿನ ಕೆಲವು ತಿಂಗಳ ನೆನಪು ಹೀಗೆ ಹೋಗೋದುಂಟು, ಕೆಲವ್ರಿಗೆ ವಾಪಸ್ ಬರುತ್ತೆ, ನಂದು ಪೂರ್ತಿ ಬರ್ಲಿಲ್ಲ. ಮತ್ತೆ ಬೇಕಾದ್ರೆ ಮಾಡಿಸ್ಕೋತೀರಾ ಅಂತ ಕೇಳಿದ್ರೆ, ಹೌದು, ಮಾಡಿಸ್ಕೋತೀನಿ. ಆದ್ರೆ ಇದನ್ನ ಮುಚ್ಚಿಟ್ಟು "ಏನೂ ಆಗಲ್ಲ" ಅಂತ ಹೇಳೋ ಡಾಕ್ಟರ್ ಮೇಲೆ ನಂಗೆ ಸಿಟ್ಟಿದೆ.

ಬೇರೆ ದಾರಿಗಳ ಬಗ್ಗೆ ಬೇಗ ಹೇಳಿಬಿಡ್ತೀನಿ, ನಾನು ಮಾಡಿಸ್ಕೊಂಡಿಲ್ಲ. ಟಿಎಂಎಸ್ ಅಂತಿದೆ, ತಲೆಗೆ ಹೊರಗಿಂದ ಆಯಸ್ಕಾಂತದ ಕಾಯಿಲ್ ಹಿಡಿದು ಟಕಟಕ ಅಂತ ತುಡಿತ ಕೊಡೋದು, ಅರಿವಳಿಕೆ ಬೇಡ, ಆದ್ರೆ ವಾರಕ್ಕೆ 5 ದಿನದ ಹಾಗೆ 4ರಿಂದ 6 ವಾರ ಹೋಗ್ಬೇಕು, ಡೊಂಬಿವಿಲಿಯಿಂದ ದಿನಾ ರಜೆ ಹಾಕಿ ಯಾರು ಹೋಗ್ತಾರೆ. ಕೆಟಮಿನ್ ಅಂತ ಹಳೇ ಅರಿವಳಿಕೆ ಮದ್ದು, ಕಮ್ಮಿ ಡೋಸಲ್ಲಿ ಕೊಟ್ರೆ ಗಂಟೆಗಳಲ್ಲೇ ಮನಸ್ಸು ಹಗುರ ಆಗೋದನ್ನ 2000ದಲ್ಲಿ ತೋರಿಸಿದ್ರು, ಅದರ ತಂಗಿ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ ಅಮೆರಿಕದಲ್ಲಿ 2019ರಲ್ಲಿ ಪರ್ಮಿಶನ್ ಸಿಕ್ತು. ಆಸ್ಪತ್ರೆಲಿ ಕೂತು, ಬಿಪಿ ನೋಡ್ಕೊಳ್ತಾ ತಗೋಬೇಕಾದ್ದು, ಬೇಗ ಬಂದಿದ್ದು ಬೇಗ ಹೋಗೋದೂ ಉಂಟು. ದುಡ್ಡಿನ ವಿಷಯಕ್ಕೆ ಬಂದ್ರೆ, ನನ್ನ ಇಸಿಟಿ ಖರ್ಚು ಪಿಎಫ್ ಸಾಲದಲ್ಲಿ ಹೋಯ್ತು, ಇನ್ಶೂರೆನ್ಸ್‌ನವ್ರು ಮಾನಸಿಕ ಕಾಯಿಲೆ ಪಾಲಿಸಿಲಿ ಇಲ್ಲ ಅಂದ್ರು. ಈಗ ಹಾಗೆ ಹೇಳಕ್ಕಾಗಲ್ಲ. ಆಗ್ಲೇ ಹೇಳಿದ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಲಿದೆ, ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ಇನ್ಶೂರೆನ್ಸ್ ಕೊಡ್ಬೇಕು ಅಂತ ಅದ್ರಲ್ಲಿದೆ. ಅಡ್ಮಿಟ್ ಆದ್ರೆ ಕೇಳಿ. ಹೊರರೋಗಿ ಖರ್ಚು ಮಾತ್ರ ಹೆಚ್ಚಿನ ಪಾಲಿಸಿಲಿ ಬರಲ್ಲ, ಅದು ಯಾವ ಕಾಯಿಲೆಗೂ ಅಷ್ಟೇ.

ಈಗ ನನ್ನ 60 ಪೈಸೆ ಕಥೆಗೆ ಬರ್ತೀನಿ. ಪಿಎಚ್‌ಕ್ಯೂ-9 ಅಂತ ಒಂದು ಹಾಳೆ ಇದೆ, 9 ಪ್ರಶ್ನೆ, ಹಿಂದಿನ ಎರಡು ವಾರ ಹೇಗಿತ್ತು ಅಂತ, ಒಂದೊಂದಕ್ಕೆ ಸೊನ್ನೆಯಿಂದ 3, ಒಟ್ಟು 27, ಜಾಸ್ತಿ ಬಂದಷ್ಟೂ ಕಾಯಿಲೆ ಜೋರು. ನಂದು ಕೆಟ್ಟ ಕಾಲದಲ್ಲಿ 22. ಇಸಿಟಿ, ಲಿಥಿಯಂ ಎಲ್ಲಾ ಆಗಿ ನಿಂತಿದ್ದು 9ರ ಹತ್ರ. 22ರಲ್ಲಿ 13 ಇಳೀತು, ಭಾಗಿಸಿದ್ರೆ 59 ಚಿಲ್ರೆ, ರೌಂಡ್ ಆಫ್ ಮಾಡಿ 60. ಅರ್ಧಕ್ಕಿಂತ ಜಾಸ್ತಿ ಇಳಿದ್ರೆ ಮದ್ದು ಕೆಲಸ ಮಾಡಿದೆ ಅಂತಾರೆ, 5ರ ಕೆಳಗೆ ಬಂದ್ರೆ ಕಾಯಿಲೆ ಹತೋಟಿಗೆ ಬಂತು ಅಂತಾರೆ. ನಾನು ಅಲ್ಲಿಗೆ ಇವತ್ತಿನ ತನಕ ಮುಟ್ಟಿಲ್ಲ.

ಆ ಬಾಕಿ 40 ಪೈಸೆ ನನ್ನ ತಿಂದುಬಿಡ್ತು. 2017ರಲ್ಲಿ ಕೆಲಸನೂ ಹೋಗಿತ್ತು, ಮನೆಲಿ ಕೂತು ಕಾಯ್ತಿದ್ದೆ, ಪೂರ್ತಿ ಸರಿ ಹೋಗ್ಲಿ ಆಮೇಲೆ ಕೆಲಸ ಹುಡುಕ್ತೀನಿ, ಸರಿ ಹೋಗ್ಲಿ ಆಮೇಲೆ ಸಂಘಕ್ಕೆ ಹೋಗ್ತೀನಿ, ಯಾರಾದ್ರೂ ಹೇಗಿದೀರಿ ಅಂದ್ರೆ ಏನು ಹೇಳೋದು. ಆಗ ನಮ್ಮ ಹಳೇ ಹೆಡ್ ಕ್ಲರ್ಕ್ ನೆನಪಾದ್ರು, ಗುಜರಾತಿ ಮುದುಕರು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಲೆಕ್ಕ ತಾಳೆ ನೋಡೋ ಟ್ರಯಲ್ ಬ್ಯಾಲೆನ್ಸಲ್ಲಿ 417 ರೂಪಾಯಿ ವ್ಯತ್ಯಾಸ ಬಂತು. ರಾತ್ರಿ 11ರ ತನಕ ಹುಡುಕಿದೆ, ಮಾರನೇ ದಿನನೂ, ಕೊನೇ ಲೋಕಲ್ ತಪ್ಪೋ ತನಕ. ಅವ್ರು ಬಂದು ನನ್ನ ಪೆನ್ನು ಕಿತ್ಕೊಂಡು "ಸಸ್ಪೆನ್ಸ್ ಮೇ ಡಾಲ್ ದೋ, ಘರ್ ಜಾವೋ" ಅಂದ್ರು, ಸಸ್ಪೆನ್ಸಲ್ಲಿ ಹಾಕು, ಮನೆಗೆ ಹೋಗು ಅಂತ. ಸಸ್ಪೆನ್ಸ್ ಅಕೌಂಟ್ ಗೊತ್ತಲ್ಲ, ಎಲ್ಲಿಂದ ಬಂತು ಅಂತ ಗೊತ್ತಾಗದ ಮೊತ್ತವನ್ನ ಒಂದು ಕಡೆ ಹೆಸರಿಟ್ಟು ಬರೆದಿಡೋದು. ಅದನ್ನ ಅಳಿಸಲ್ಲ, ಮುಚ್ಚಿಡಲ್ಲ, ಬ್ಯಾಲೆನ್ಸ್ ಶೀಟಲ್ಲಿ ಎಲ್ರಿಗೂ ಕಾಣೋ ಹಾಗೆ ಇರುತ್ತೆ, ಹುಡುಕಾಟನೂ ನಿಲ್ಲಿಸಲ್ಲ, ಆದ್ರೆ ಲಾರಿಗಳು ಮಾರನೇ ದಿನ ಹೊರಡುತ್ವೆ. ನನ್ನ 40 ಪೈಸೆನ ನಾನು ಅಲ್ಲಿ ಹಾಕಿದೆ. ಈಗ್ಲೂ ಡಾಕ್ಟರ್ ಹತ್ರ ಹೋದಾಗೆಲ್ಲಾ ಹೊಸದೇನಾದ್ರೂ ಬಂದಿದೆಯಾ ಅಂತ ಕೇಳ್ತೀನಿ.

ಅದೇ ಹೊತ್ತಿಗೆ ಕೌನ್ಸೆಲರ್ ಹತ್ರ ಹೋಗಕ್ಕೆ ಶುರು ಮಾಡಿದ್ದು. ಬರೀ ಮಾತಲ್ಲಿ ಏನಾಗುತ್ತೆ ಅಂತ ಮೂಗು ಮುರಿದಿದ್ದೆ. ಬ್ರಿಟನ್ನಲ್ಲಿ 469 ಜನರ ಮೇಲೆ ಮಾಡಿದ ಒಂದು ಟ್ರಯಲ್ 2013ರಲ್ಲಿ ಬಂತು, ಎಲ್ಲಾ ಮಾತ್ರೆ ಸಾಲದೇ ಇದ್ದವ್ರೇ, ಮಾತ್ರೆ ಜೊತೆ ಸಿಬಿಟಿ ಅನ್ನೋ ಮಾತಿನ ಥೆರಪಿ ಸೇರಿಸಿದವ್ರಲ್ಲಿ 6 ತಿಂಗಳಲ್ಲಿ ನೂರಕ್ಕೆ 46 ಜನರ ಸ್ಕೋರ್ ಅರ್ಧಕ್ಕೆ ಇಳೀತು, ಸೇರಿಸದೇ ಇದ್ದವ್ರಲ್ಲಿ 22. ಡಾಕ್ಟರ್ ಈ ಫಿಗರ್ ತೋರಿಸಿದ ಮೇಲೇ ನಾನು ಒಪ್ಪಿದ್ದು. ಕೌನ್ಸೆಲರ್ ಹುಡುಗಿ ನನ್ನ ಮಗಳ ವಯಸ್ಸು. ಮನಸ್ಸು ಬಂದ್ಮೇಲೆ ಮಾಡ್ತೀನಿ ಅನ್ನೋದನ್ನ ಬಿಡಿ ಅಂಕಲ್, ಮಾಡಿ, ಮನಸ್ಸು ಹಿಂದಿಂದ ಬಂದ್ರೆ ಬರ್ಲಿ ಅಂದ್ಲು. ಮೊದಲ ವಾರದ ಹೋಂವರ್ಕ್, ಬೆಳಿಗ್ಗೆ ಕೆಳಗಿಳಿದು ಹಾಲು ತರೋದು. ಇಷ್ಟೇ. ಮೂರು ಮಾಳಿಗೆ. ಎರಡು ದಿನ ತಂದೆ, ಐದು ದಿನ ತರ್ಲಿಲ್ಲ. ಅವ್ಳು ಐದು ದಿನದ ಬಗ್ಗೆ ಒಂದು ಮಾತು ಕೇಳ್ಲಿಲ್ಲ, ಆ ಎರಡು ದಿನ ಹೇಗೆ ಇಳಿದ್ರಿ, ಚಪ್ಪಲಿ ಹಾಕ್ಕೊಳ್ಳೋವಾಗ ಏನನ್ನಿಸ್ತು ಅಂತ ಅರ್ಧ ಗಂಟೆ ಕೇಳಿದ್ಲು. ಈಗ ಮುಲುಂಡ್, ಭಾಂಡುಪ್ ಕಡೆ 3 ಹೋಟೆಲಿನ ಲೆಕ್ಕ ಬರೀತೀನಿ. ಪ್ರತಿ ತಿಂಗಳು 20ಕ್ಕೆ ಜಿಎಸ್‌ಟಿ ರಿಟರ್ನ್ ಫೈಲ್ ಆಗ್ಲೇಬೇಕು. ಸರ್ಕಾರದ ಮೇಲೆ ನಿಮಗೆಲ್ಲಾ ಏನೇನು ಸಿಟ್ಟಿದೆಯೋ, ಕೆಲವು ತಿಂಗಳು ನನ್ನ ಹಾಸಿಗೆಯಿಂದ ಎಬ್ಬಿಸಿದ್ದು ಆ 20ನೇ ತಾರೀಖು.

ಇನ್ನೊಂದು, ಇದು ನನ್ನ ಸ್ವಂತದ್ದು. ಒಂದು ಕೆಂಪು ಬೈಂಡಿನ ಖಾತೆ ಪುಸ್ತಕ ಇಟ್ಟಿದೀನಿ, ಎರಡು ವಾರಕ್ಕೊಮ್ಮೆ ಶನಿವಾರ ಆ 9 ಪ್ರಶ್ನೆಯ ಸ್ಕೋರ್ ಬರೀತೀನಿ, ಪಕ್ಕದಲ್ಲಿ ನಿದ್ದೆ ಎಷ್ಟು, ಏನಾದ್ರೂ ವಿಶೇಷ. ನಂಗೆ ಮಳೆಗಾಲ ಆಗಲ್ಲ ಅಂತ ನಾನೇ ನಂಬಿದ್ದೆ, ಊರಲ್ಲೆಲ್ಲಾ ಹೇಳ್ಕೊಂಡಿದ್ದೆ. ಮೂರು ವರ್ಷದ್ದು ಒಟ್ಟಿಗೆ ನೋಡಿದ್ರೆ ಜುಲೈ ಆಗಸ್ಟಲ್ಲಿ ಸ್ಕೋರ್ ಚೆನ್ನಾಗೇ ಇದೆ. ಕೆಟ್ಟಿದ್ದು ಊರಿಗೆ ಹೋಗಿ ಬಂದ ಮೇಲೆ, ಪ್ರತಿ ಸಲ, ಚೌತಿ ಇರ್ಲಿ ನವರಾತ್ರಿ ಇರ್ಲಿ, 4, 5 ಪಾಯಿಂಟ್ ಏರಿದೆ. ಊರು ಬಿಟ್ಟು ಬರೋ ದುಃಖ ಅಂತ ನಾನೊಂದು ಕಥೆ ಕಟ್ಟಿದೆ. ಡಾಕ್ಟರ್ ಕೇಳಿದ್ರು, ಊರಲ್ಲಿ ಮಾತ್ರೆ ಎಲ್ಲಿಡ್ತೀರಿ? ಬ್ಯಾಗಿನ ತಳದಲ್ಲಿ, ಬಟ್ಟೆ ಕೆಳಗೆ, ಅಣ್ಣನ ಮನೆಯವ್ರು ನೋಡಬಾರದು ಅಂತ. ನೀರು ತಗೊಂಡು ಒಳಗೆ ಹೋಗಕ್ಕೆ ಸಂದರ್ಭ ಸಿಗದೆ ಎಷ್ಟೋ ರಾತ್ರಿ ತಪ್ಪಿ ಹೋಗ್ತಿತ್ತು. ಊರಿನ ದುಃಖ ಅಲ್ಲ ಮಾರಾಯ್ರೆ, ತಪ್ಪಿದ ಮಾತ್ರೆ. ಈಗ ಅಣ್ಣನ ಅಡುಗೆಮನೆ ಶೆಲ್ಫಲ್ಲಿ ಅವನ ಬಿಪಿ ಮಾತ್ರೆ ಪಕ್ಕದಲ್ಲೇ ನಂದೂ ಇರುತ್ತೆ, ಅವ್ನೇ ರಾತ್ರಿ "ನಿಂದ್ ಆಯ್ತಾ?" ಅಂತ ಕೇಳ್ತಾನೆ.

ಬದುಕು ಬೇಡ ಅನ್ಸೋದು ಈಗ್ಲೂ ಒಮ್ಮೊಮ್ಮೆ ಬರುತ್ತೆ. ಮಾತ್ರೆ ಡಬ್ಬ ಹೆಂಡ್ತಿ ಹತ್ರ ಇರೋದು, ದಿನದ್ದು ದಿನಕ್ಕೆ ಕೊಡ್ತಾಳೆ, ಇದು ಚೆನ್ನಾಗಿದ್ದ ದಿನ ಇಬ್ರೂ ಕೂತು ಮಾಡ್ಕೊಂಡ ಒಪ್ಪಂದ. ಬಂದಾಗ ಮುಚ್ಚಿಡದೆ ಅವ್ಳಿಗೆ ಹೇಳ್ತೀನಿ, ಒಂಟಿಯಾಗಿ ಇರಲ್ಲ. ಹೇಳಕ್ಕೆ ಮನೆಲಿ ಯಾರೂ ಇಲ್ಲ ಅನ್ನೋರಿಗೆ 14416, ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡಬಹುದು. ಮುಂಬೈಲಿ 40 ವರ್ಷ ಇದ್ರೂ ಇಂಥದ್ದನ್ನ ಹಿಂದಿಲಿ ಹೇಳಕ್ಕೆ ನಂಗಂತೂ ಬಾಯಿ ಬರಲ್ಲ.

ಪ್ರಶ್ನೆ ಕೇಳಿ ಅಂದಿದ್ದಕ್ಕೆ ಹಿರಿಯರೊಬ್ರು ಯೋಗ ಮಾಡಿದ್ರೆ ಹೋಗಲ್ವಾ ಅಂತ ಕೇಳಿದ್ರು. ಮಾಡ್ತೀನಿ, ನಡೀತೀನಿ ಕೂಡ, ಮೈ ಆಡಿಸೋದ್ರಿಂದ ಉಪಯೋಗ ಇದೆ, ಮಾತ್ರೆ ಬದಲಿಗೆ ಅಲ್ಲ, ಅದ್ರ ಜೊತೆಗೆ. ದೇವರು ದಿಂಡರು ಅಂತ ಇನ್ನೊಬ್ರು. ಅದನ್ನೂ ಬಿಟ್ಟಿಲ್ಲ ಸ್ವಾಮಿ, ಊರಲ್ಲಿ ದರ್ಶನದಲ್ಲಿ, ದೇವರು ಮೈಮೇಲೆ ಬರೋ ಪಾತ್ರಿಗಳು ಹಳೇ ಹರಕೆ ಬಾಕಿ ಇದೆ ಅಂತ ನುಡಿ ಕೊಟ್ರು, ಬಾಕಿ ಅಂದ್ಮೇಲೆ ಅಕೌಂಟ್ಸ್ ಮನುಷ್ಯ ಸುಮ್ನಿರಕ್ಕಾಗುತ್ತಾ, ತೀರಿಸಿ ಬಂದೆ. ಅಮ್ಮನಿಗೆ ಸಮಾಧಾನ ಆಯ್ತು, ಅದಕ್ಕೂ ಒಂದು ಬೆಲೆ ಇದೆ.

ಕೊನೇಲಿ ಹಿಂದಿನ ಸಾಲಿಂದ ಒಬ್ರು ಅಕ್ಕ ಎದ್ದು ನಿಂತು, ನಮ್ಮೆಜಮಾನ್ರು ನಾಲ್ಕು ವರ್ಷದಿಂದ ಮಾತ್ರೆ ತಗೊಳ್ತಾರೆ, ದಿನಾ "ಈಗ ಹೇಗಿದೆ, ಪರವಾಗಿಲ್ವಾ" ಅಂತ ಕೇಳ್ತೀನಿ, ಕೇಳಿದ ಕೂಡ್ಲೇ ಸಿಡುಕ್ತಾರೆ, ನಾನು ಮತ್ತೆ ಏನು ಕೇಳ್ಬೇಕು ಹೇಳಿ ಅಂದ್ರು. ಅಕ್ಕ, ಅವ್ರು ಸಿಡುಕೋದು ನಿಮ್ಮ ಮೇಲಲ್ಲ. "ಪರವಾಗಿಲ್ವಾ" ಅಂದ್ರೆ ಹೌದು ಅಂದ್ರೂ ಸುಳ್ಳು, ಇಲ್ಲ ಅಂದ್ರೆ ನಿಮ್ಮ ಮುಖ ಬಾಡುತ್ತೆ, ಎರಡೂ ಕಷ್ಟ. ನಮ್ಮನೇಲಿ ಏನು ಮಾಡ್ತೀವಿ ಹೇಳ್ತೀನಿ. ಬೆಳಿಗ್ಗೆ ಚಹಾ ಕೊಡೋವಾಗ ಅವ್ಳು ಕೇಳೋದು ಒಂದೇ, "ಹ್ವಾಯ್, ಇವತ್ತು ಸ್ಲೋ ಅಥವಾ ಫಾಸ್ಟಾ?" ಲೋಕಲ್ ಟ್ರೈನಿನ ಲೆಕ್ಕದಲ್ಲಿ. ನಾನು ಸ್ಲೋ ಅಂದ್ರೆ ಅವ್ಳು ಮುಂದೇನೂ ಕೇಳಲ್ಲ. ಆವತ್ತು ನೆಂಟರಿಗೆ ಫೋನ್ ಹಚ್ಚಿ ಕೈಗೆ ಕೊಡಲ್ಲ, ಮಾರ್ಕೆಟಿಗೆ ಕಳ್ಸಲ್ಲ, ಹಾಲು ಮಾತ್ರ ನಾನೇ ತರ್ಬೇಕು, ಅದಕ್ಕೆ ರಜೆ ಇಲ್ಲ. ನಿಮ್ಮಲ್ಲಿ ಬೇರೆ ಏನಾದ್ರೂ ಇಟ್ಕೊಳ್ಳಿ, ಅವ್ರೂ ಒಪ್ಪಿದ್ದಾಗಿರ್ಲಿ.

ಸರಿ, ನಿಲ್ಲಿಸ್ತೀನಿ. ಅವ್ಳ ಎರಡು ಮಿಸ್ಡ್ ಕಾಲ್ ಬಂದಿದೆ. ಭಾನುವಾರದ ಮೆಗಾಬ್ಲಾಕು, ಹಳಿ ರಿಪೇರಿ, ಮಾಟುಂಗಾದಿಂದ ಮುಲುಂಡ್ ತನಕ ಫಾಸ್ಟ್‌ಗಳನ್ನೂ ಸ್ಲೋ ಲೈನಿಗೇ ಹಾಕಿದಾರಂತೆ, ಸೆಂಟ್ರಲ್ ಲೈನಿನವ್ರೆಲ್ಲಾ ಈಗ್ಲೇ ಹೊರಟ್ರೆ ಒಳ್ಳೇದು. ಹೊರಗೆ ಉಪ್ಪಿಟ್ಟು, ಶೀರಾ ಇದೆ ಅಂದ್ರು, ತಿಂದೇ ಹೋಗೋಣ.